ಸ್ವಲ್ಪ ಸರ್ಕಳ್ರಿ

ಎರಡು ಸಾವಿರದ ನಾಲ್ಕರಲ್ಲಿ ದೆಹಲಿಯ ಡೀಲರ್‌ನಿಂದ ನಾನು ತರಿಸಿದ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ನಮ್ಮೂರು ಆದಿವಾಲ ಇಡೀ ಊಟ ಬಿಟ್ಟು ನೆರೆದಿತ್ತು. ಇದ್ದದ್ದು ಎರಡೇ ಸೀಟು. ಹೆಂಡತಿ ಉಷಾರಾಣಿಯನ್ನು ಕೂರಿಸಿಕೊಂಡು ಚಿತ್ರದುರ್ಗದ ಅವಳ ತವರಿಗೆ ಹೋಗಿ, ನನ್ನನ್ನು ಬಾಯಿಬಡುಕ ಎನ್ನುತ್ತಿದ್ದ ಭಾಮೈದರ ಬಾಯಿ ಮುಚ್ಚಿಸಬೇಕಿತ್ತು.

ಅವಳು ಸೀಟು ಮುಟ್ಟಿ ಹಿಂದೆ ಸರಿದಳು. “ರೀ, ಯಾರೋ ಈಗ ಎದ್ದು ಹೋದಂಗೆ ಬೆಚ್ಚಗೈತೆ.”

ಕಾರು ಬೆಳಗಿನಿಂದ ಬೇವಿನ ನೆರಳಲ್ಲಿತ್ತು. ಬೀಗ ತೆಗೆದವನು ನಾನೇ. ತಮಾಷೆಗೆ, ಬಸ್ಸಿನಲ್ಲಿ ಕೇಳುವಂತೆ, ಖಾಲಿ ಸೀಟಿಗೆ ಹೇಳಿದೆ: “ಸ್ವಲ್ಪ ಸರ್ಕಳ್ರಿ, ನಮ್ಮನೆಯವ್ರು ಕುಂತ್ಕಳ್ಲಿ.”

ಉಷಾ ಮತ್ತೆ ಮುಟ್ಟಿದಳು. ಬಾಗಿಲ ಕಡೆಯ ಅರ್ಧ ತಣ್ಣಗಾಗಿತ್ತು. ಆ ಅರ್ಧದಲ್ಲೇ ಮುದುಡಿ ಕುಳಿತಳು.

ದುರ್ಗದಲ್ಲಿ ಕಾರು ನೋಡಿ ಭಾಮೈದರಿಗೆ ಮಾತೇ ಹೊರಡಲಿಲ್ಲ. ನನಗೂ ಹೊರಡಲಿಲ್ಲ. ಉಷಾ ಇಳಿದ ಮೇಲೆ ಸೀಟು ಮುಟ್ಟಿ ನೋಡಿದ್ದೆ. ಅವಳು ಗಂಟೆಯಿಡೀ ಕುಳಿತಿದ್ದ ಅರ್ಧ ತಣ್ಣಗೇ ಇತ್ತು. ಇನ್ನರ್ಧ ಬೆಚ್ಚಗಿತ್ತು.