ಕೈಯಲ್ಲಿ ಕೊಯ್ದ ಆರು ಪೆಟ್ಟಿಗೆ

ಸೆಪ್ಟೆಂಬರ್ 18, ಗುರುವಾರ, ಬೆಳಗ್ಗೆ 9.20. ವಾಲ್ದೆಸೊತೊ ಠಾಣೆಗೆ ಲೊರೆನ್ಸಾ ಬಯೋನ್ ಎಂಬ ಹೆಂಗಸು ದೂರು ತಂದಳು: ಅವಳ ತೋಟದ ನಲವತ್ತು ಬಳ್ಳಿಗಳ ದ್ರಾಕ್ಷಿ ಕಳವಾಗಿತ್ತು.

"ನಲವತ್ತೇನಾ?" ಎಂದ ಕಾನ್‌ಸ್ಟೆಬಲ್ ತೋವಾರ್. ಅವನ ಬಾಯಿ ಸುಮ್ಮನಿರುವುದಿಲ್ಲ.

"ಇವತ್ತು ನಲವತ್ತು, ನಾಳೆ ನಾನೂರು. ಬರ್ಕೊಳ್ಳಪ್ಪ."

ಸಾರ್ಜೆಂಟ್ ಕಸಿಲ್ದಾ ಎಫ್‌ಐಆರ್ ದಾಖಲಿಸಿ ಅವನನ್ನು ಕರೆದುಕೊಂಡು ಹೊರಟಳು. ಮ್ಯಾಡ್ರಿಡ್‌ನಿಂದ ವರ್ಗವಾಗಿ ಬಂದು ಹನ್ನೊಂದು ತಿಂಗಳಾದರೂ ಅವಳನ್ನು ಊಟಕ್ಕೆ ಕರೆದವರಿಲ್ಲ. ಪೊಲೀಸರ ಹಣೆಬರಹವೇ ಅಷ್ಟು.

10.15ಕ್ಕೆ ತೋಟದಲ್ಲಿ ಪಂಚನಾಮೆ. ರುಯೇದಾ ಸೀಮೆಯ ಬಿಳಿ ವೈನಿನ ದ್ರಾಕ್ಷಿಗೆ ಈಗ ಯಂತ್ರದ್ದೇ ಕೊಯ್ಲು. ಯಂತ್ರ ಬಳ್ಳಿ ಅಲುಗಿಸಿ ಹಣ್ಣು ಉದುರಿಸಿಕೊಳ್ಳುತ್ತದೆ, ಗೊಂಚಲಿನ ತೊಟ್ಟು ಬಳ್ಳಿಯಲ್ಲೇ ಉಳಿಯುತ್ತದೆ. ಇಲ್ಲಿ ತೊಟ್ಟೂ ಇರಲಿಲ್ಲ. ಯಾರೋ ಒಂದೊಂದೇ ಗೊಂಚಲನ್ನು ಕೈಯಿಂದ ಕೊಯ್ದಿದ್ದರು. ಒಂದು ಎಲೆಯೂ ಹರಿದಿರಲಿಲ್ಲ.

"ಕಳ್ಳನಿಗೆ ಬಳ್ಳಿ ಮೇಲೆ ಬಹಳ ಪ್ರೀತಿ, ಮೇಡಂ," ಎಂದ ತೋವಾರ್.

"ಯಾವಾಗ ಕೊಯ್ದಿರಬಹುದು?"

"ಮಧ್ಯಾಹ್ನವೇ. ಊಟ ಆದ್ಮೇಲೆ ಊರಿಗೆ ಊರೇ ಮಲಗಿರುತ್ತಲ್ಲ."

11.40. ತೊಂಬತ್ತು ವರ್ಷ ಹಳೆಯ ಸಹಕಾರಿ ಸಂಘದ ವೈನ್ ಮನೆಯ ಮುಂದೆ ಹಣ್ಣು ಹಾಕಲು ಬಂದ ಟ್ರ್ಯಾಕ್ಟರ್‌ಗಳ ಸಾಲು. ಕಸಿಲ್ದಾ ತೂಕದ ಗುಮಾಸ್ತನನ್ನು ಕೇಳಿದಳು.

"ಗೊಂಚಲು ಸಮೇತ ಹಣ್ಣು ತಂದೋರು ಯಾರು?"

"ಎವುತಿಮಿಯೊ ತಾತ ಒಬ್ರೇ, ನಿನ್ನೆ ಸಂಜೆ. ಆರೇ ಪೆಟ್ಟಿಗೆ! ಎರಡು ಗಂಟೆ ಸಾಲಲ್ಲಿ ನಿಂತಿದ್ರು. ಇಷ್ಟನ್ನ ಜೇಬಲ್ಲೇ ತರಬಹುದಿತ್ತಲ್ಲ ತಾತ ಅಂತ ಎಲ್ರೂ ರೇಗಿಸಿದ್ವಿ. ಅವರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು."

"ಅವರ ತೋಟ ಎಲ್ಲಿ?"

ಗುಮಾಸ್ತನ ನಗು ನಿಂತಿತು. ಕೈಯಲ್ಲೇ ದಿಕ್ಕು ತೋರಿಸಿದ.

ಆ ತೋಟದಲ್ಲಿ ಮುಳ್ಳುಗಿಡ ಎದೆಯೆತ್ತರ ಬೆಳೆದಿತ್ತು. ಬಳ್ಳಿಗಳು ಒಣಗಿ ಕೊರಡಾಗಿದ್ದವು. ಪಕ್ಕದಲ್ಲೇ ಇದ್ದ ತಾತನ ಮನೆಯ ಬಾಗಿಲು ಬಡಿಯುವ ಮೊದಲೇ ತೆರೆದುಕೊಂಡಿತು. ಎಂಬತ್ತು ದಾಟಿದ ಮುದುಕರು ಕೋಟು ತೊಟ್ಟು ಸಿದ್ಧರಾಗಿದ್ದರು. ಯಾವುದನ್ನೂ ಅಲ್ಲಗಳೆಯಲಿಲ್ಲ. 12.50ಕ್ಕೆ ಬಂಧನ.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು.

"ಯಾಕೆ ಕದ್ರಿ?"

"ಮೂರು ಸುಗ್ಗಿ ಹಣ್ಣು ಕೊಡದೋರ ಹೆಸರು ಸಂಘದ ಪಟ್ಟಿಯಿಂದ ತೆಗೀತಾರೆ. ಇದು ಮೂರನೇದು."

"ತೆಗೆದ್ರೆ ತೆಗೀಲಿ. ಬಳ್ಳೀನೇ ಇಲ್ವಲ್ಲ, ತಾತ."

"ಪಟ್ಟೀಲಿ ಹೆಸರಿಲ್ದೋರು ಆ ಸಾಲಲ್ಲಿ ನಿಲ್ಲೋ ಹಾಗಿಲ್ಲ, ತಾಯಿ." ಅವರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. "ಹೆಂಡತಿ ಹೋದ ಮೇಲೆ ನನ್ನ ಹತ್ರ ಜನ ಮಾತಾಡಿದ್ದು ನಿನ್ನೆ ಸಂಜೇನೇ."

ಕಸಿಲ್ದಾಗೆ ತನ್ನ ಮನೆಯ ಒಂಟಿ ತಟ್ಟೆ ನೆನಪಾಯಿತು. ಆದರೂ ಪೂರ್ತಿ ಬರೆದಳು, ಓದಿ ಹೇಳಿದಳು, ಸಹಿ ಹಾಕಿಸಿಕೊಂಡಳು. 2.10ಕ್ಕೆ ಎಲ್ಲ ಮುಗಿಯಿತು.

"ಕೋರ್ಟಿನಿಂದ ನೋಟಿಸು ಬರುತ್ತೆ. ಈಗ ನೀವು ಮನೆಗೆ ಹೋಗಬಹುದು."

ಮುದುಕರು ಏಳಲಿಲ್ಲ.

"ಅಷ್ಟೇನಾ, ತಾಯಿ? ಇನ್ನೇನೂ ಕೇಳೋದಿಲ್ವಾ?"