ದೀಪ ಸರಿಸಿದಾಗ ಕಂಡ ಗೆರೆ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಏಳೂವರೆಗೆ ಒರ್ನೆಲ್ಲಾ ಮಾನಿಯಾಗೊ ಠಾಣೆಗೆ ಓಡಿ ಬಂದಳು. ಕ್ಷೌರದ ಕತ್ತಿಗಳಿಗೆ ಸಾಣೆ ಹಿಡಿಯುವ ತನ್ನ ಅಣ್ಣ ಎಜಿದಿಯೊ ಅಂಗಡಿಯಲ್ಲಿ ಕೊಲೆಯಾಗಿ ಬಿದ್ದಿದ್ದಾನೆ ಎಂದು ದೂರು ಕೊಟ್ಟಳು. ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಬರ್ತೊಲಿನ್, ಕಾನ್‌ಸ್ಟೆಬಲ್ ಫುಲ್ವಿಯೊನೊಂದಿಗೆ ಹೊರಟರು.

ಕತ್ತು ಕೊಯ್ದಿತ್ತು. ಅಂಗಿಯ ಕತ್ತುಪಟ್ಟಿಯ ಲೋಹದ ಗುಂಡಿಯ ಮೇಲೂ ಅಲಗು ಆಳವಾಗಿ ಗೀರಿತ್ತು. ಹಲಗೆಯ ಮೇಲಿನ ಕತ್ತಿಗಳೆಲ್ಲ ಶುಭ್ರ. ಒಂದರ ಹಿಡಿಯ ಸಂದಿಯಲ್ಲಿ ಮಾತ್ರ ರಕ್ತ. ಗುಂಡಿಗೆ ತಾಗಿದ ಅಲಗು ಮುಕ್ಕಾಗಲೇಬೇಕು. ಇದರಲ್ಲಿ ಮುಕ್ಕೇ ಇಲ್ಲ, ಕೊಂದ ಮೇಲೆ ಯಾರೋ ಸಾಣೆ ಹಿಡಿದಿದ್ದಾರೆ ಎಂದು ಬರ್ತೊಲಿನ್ ಪಂಚನಾಮೆಯಲ್ಲಿ ಬರೆಸಿದರು.

ಗೋಡೆಯ ಮೇಲೆ ಎಜಿದಿಯೊ ಸೂಕ್ಷ್ಮದರ್ಶಕದಲ್ಲಿ ತೆಗೆದು, ಕೆಳಗೆ ಹೆಸರು ಬರೆದ ಎರಡು ದೊಡ್ಡ ಫೋಟೊಗಳಿದ್ದವು. ‘ನನ್ನ ಅಲಗು’ ಕನ್ನಡಿಯಂತಿತ್ತು. ‘ದೀರ್ಚೆಯ ಅಲಗು’ ಉತ್ತ ಹೊಲ. ಎದುರಂಗಡಿಯ ದೀರ್ಚೆ ಆಯುಷ್ಯವೆಲ್ಲ ಸಾಣೆ ಹಿಡಿದವಳು. ಆ ಫೋಟೊ ತೂಗುಹಾಕಿದ ಮೇಲೆ ಅವಳ ಅಂಗಡಿಯನ್ನು ನಾಯಿಯೂ ಮೂಸಲಿಲ್ಲ. ನಮ್ಮೂರಿನ ನಾಲಿಗೆಗೆ ಸಾಣೆ ಬೇಕಿಲ್ಲ. ಎಲ್ಲರೂ ಆಡಿಕೊಂಡು ನಕ್ಕರು.

ರಕ್ತದ ಕತ್ತಿಯನ್ನು ಎಜಿದಿಯೊನದೇ ಸೂಕ್ಷ್ಮದರ್ಶಕದಡಿ ಇಟ್ಟರು. ನೆತ್ತಿಯ ದೀಪದಲ್ಲಿ ಅಲಗು ನುಣ್ಣಗಿತ್ತು.

“ಏನೂ ಕಾಣಲ್ಲ ಸರ್,” ಎಂದ ಫುಲ್ವಿಯೊ.

ಬರ್ತೊಲಿನ್ ದೀಪವನ್ನು ಪಕ್ಕಕ್ಕೆ ಸರಿಸಿ ತಗ್ಗಿಸಿದರು. ಸಾಣೆಯ ಗೆರೆಗಳು ಎದ್ದು ಕಂಡವು. ಉಳಿದ ಕತ್ತಿಗಳ ಗೆರೆ ಒಂದು ಕಡೆ ವಾಲಿದರೆ ಇದರದ್ದು ತದ್ವಿರುದ್ಧ. ಹಾಗೆ ಅಲಗನ್ನು ಸಾಣೆಯ ಮೇಲೆ ಉಲ್ಟಾ ಎಳೆಯುವುದನ್ನು ಅಪ್ಪನಿಂದ ಕಲಿತವಳು ಊರಿನಲ್ಲಿ ದೀರ್ಚೆ ಒಬ್ಬಳೇ. ಅವಳ ಅಂಗಡಿಯ ಕತ್ತಿಯೊಂದನ್ನು ತರಿಸಿ ಹೋಲಿಸಿದರು. ಗೆರೆಗಳು ಹೊಂದಿದವು.

ಸಂಜೆ ಐದಕ್ಕೆ ಅವಳನ್ನು ಠಾಣೆಗೆ ಕರೆತಂದರು.

“ನಿನ್ನೆ ಅಲ್ಲಿಗೆ ಹೋಗಿದ್ರಾ ಅಮ್ಮ?”

“ಹೋಗಿದ್ದೆ. ಆ ಫೋಟೊ ಕೆಳಗಿಳಿಸಪ್ಪಾ ಅಂತ ಬೇಡ್ಕೊಂಡೆ. ನಕ್ಕ.”

“ಕತ್ತಿ ತೊಳೆದಿಟ್ಟಿದ್ರೆ ಆಗ್ತಿತ್ತು. ಸಾಣೆ ಯಾಕೆ ಹಿಡಿದ್ರಿ?”

“ಮುಕ್ಕಾದ ಕತ್ತೀನ ಹಾಗೇ ಇಡೋಕೆ ಕೈ ಬರ್ಲಿಲ್ಲ ಸಾಹೇಬ್ರೆ.”

ಬಂಧನದ ಕಾಗದಕ್ಕೆ ಅವಳು ಸಹಿ ಹಾಕಿದಳು. ಬರ್ತೊಲಿನ್ ಅದೇ ದಿನ ಸೂಕ್ಷ್ಮದರ್ಶಕದಡಿ ತಾವೇ ತೆಗೆಸಿದ ಎರಡು ಹೊಸ ಫೋಟೊಗಳನ್ನು ಮುಂದಿಟ್ಟು, ನಿಮ್ಮ ಅಲಗು ಯಾವುದು ಎಂದು ಕೇಳಿದರು. ದೀರ್ಚೆ ತಡಮಾಡದೆ ಗೆರೆಗೆರೆಯಾದದ್ದನ್ನು ತೋರಿಸಿದಳು.

“ಅದು ಎಜಿದಿಯೊನದು. ದೀಪ ಪಕ್ಕದಲ್ಲಿಟ್ಟು ತೆಗೆಸಿದ್ದು. ಈ ನುಣ್ಣಗಿರೋದು ನಿಮ್ಮದು, ದೀಪ ಮೇಲಿತ್ತು ಅಷ್ಟೇ. ಗೋಡೆ ಮೇಲಿನ ಫೋಟೊಗೆ ಅವನು ತನ್ನದನ್ನ ಮೇಲಿನ ದೀಪದಲ್ಲಿ, ನಿಮ್ಮದನ್ನ ಪಕ್ಕದ ದೀಪದಲ್ಲಿ ತೆಗ್ದಿದ್ದ.”

ಊರು ನಕ್ಕಿದ್ದನ್ನು ಅವಳು ಸಹಿಸಿಕೊಂಡಿದ್ದಳು. ಆದರೆ ಆ ಫೋಟೊವನ್ನು ಅವಳೂ ನಂಬಿಬಿಟ್ಟಿದ್ದಳು, ಪಾಪ.

“ಹಾಗಾದ್ರೆ ನನ್ನ ಕೆಲ್ಸ ಚೆನ್ನಾಗೇ ಇತ್ತಾ?” ಎಂದು ಮೆಲ್ಲಗೆ ಕೇಳಿದಳು.

ಹೌದು ಎಂದರು ಬರ್ತೊಲಿನ್. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ಆಗ ಅತ್ತಳು.