ಕೆಂಪು ಪೆನ್ನಿನ ಮೇಲೆ ಒಂದು ದೂರು

ನನ್ನ ಮೊದಲ ಟಿಪ್ಪಣಿ ಹನ್ನೊಂದು ಪುಟದ್ದು. ಅದು ವಾಪಸ್ ಬಂದಾಗ ಅಂಚಿನಲ್ಲಿ ನಲವತ್ತಮೂರು ಕಡೆ ಕೆಂಪು ಶಾಯಿಯಲ್ಲಿ ಒಂದೇ ಪದ: ‘ಆಧಾರ?’

ಮೈಯೆಲ್ಲ ಉರಿದುಹೋಯಿತು. ಅದನ್ನು ತಿದ್ದಿದ್ದ ಎದುರು ಮೇಜಿನವನನ್ನು ದುರುಗುಟ್ಟಿ ನೋಡಿದೆ. ಅವನು ತಲೆ ಎತ್ತಲಿಲ್ಲ. ಬಲ ಹುಬ್ಬು ಮಾತ್ರ ಒಂಚೂರು ಮೇಲೆ ಹೋಗಿ ಕೆಳಗೆ ಬಂತು.

“ಮಕ್ಕಳಿಗೆ ಹೊಡೆದ್ರೆ ನೋವಾಗತ್ತೆ ಅನ್ನೋದಕ್ಕೂ ಆಧಾರ ಬೇಕಾ ನಿಮಗೆ?”

“ಬೇಕು.”

“ಯಾರನ್ನ ಬೇಕಾದ್ರೂ ಕೇಳಿ, ಹೇಳ್ತಾರೆ.”

“ಯಾರೋ ಹೇಳಿದ್ದು ಅಡಿಟಿಪ್ಪಣಿ ಆಗಲ್ಲ.”

ಅಬ್ಬಾ, ಏನು ಜಂಬ! ಅವತ್ತೇ ಅವನಿಗೆ ‘ಕೆಂಪು ಪೆನ್ನು’ ಅಂತ ಹೆಸರಿಟ್ಟೆ.

ನಮ್ಮ ಆಫೀಸು ಮೂರನೇ ಮಹಡಿ. ಲಿಫ್ಟು ಕೆಟ್ಟು ಎಷ್ಟು ದಿನವಾಗಿತ್ತೋ, ಬಾಗಿಲಿಗೆ ಅಂಟಿಸಿದ್ದ ‘ದುರಸ್ತಿಯಲ್ಲಿದೆ’ ಚೀಟಿಯೇ ಹಳದಿಯಾಗಿತ್ತು. ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಲ್ಲೇ ನಿಲ್ಲಿಸಬೇಕು ಅಂತ ಹಟ ಹಿಡಿದ ಪುಟ್ಟ ಸಂಸ್ಥೆ ಅದು. ‘ಸದುದ್ದೇಶದಿಂದ ಕೊಟ್ಟ ಮಿತವಾದ ಶಿಕ್ಷೆ ಅಪರಾಧವಲ್ಲ’ ಎಂಬಂಥ ಸಾಲು ಯಾವ ದೇಶದ ಯಾವ ಕಾಯ್ದೆಯಲ್ಲಿ ಅಡಗಿದೆ ಎಂದು ಹೇನು ಹುಡುಕಿದ ಹಾಗೆ ಹುಡುಕಿ, ಅದನ್ನು ಯಾಕೆ ಕಿತ್ತು ಹಾಕಬೇಕು ಎಂದು ಬರೆಯುವುದು ನನ್ನ ಕೆಲಸ. ಮೂರು ತಿಂಗಳ ಇಂಟರ್ನ್.

ಸುಮ್ಮನೆ ಬಂದವಳಲ್ಲ ನಾನು. ಕುರ್ಚಿ ಎಳೆದ ಸದ್ದಾದರೆ ನನ್ನ ಅಕ್ಕ ಇವತ್ತಿಗೂ ಎದ್ದು ನಿಲ್ಲುತ್ತಾಳೆ. ಅವಳಿಗೀಗ ಮೂವತ್ತೊಂದು. ಮೂರನೇ ಕ್ಲಾಸಿನ ಮೇಷ್ಟ್ರು ಹೊಡೆಯಲು ಏಳುವ ಮೊದಲು ಹಾಗೇ ಕುರ್ಚಿ ಎಳೆಯುತ್ತಿದ್ದರಂತೆ.

ಎರಡನೇ ಟಿಪ್ಪಣಿಯನ್ನು ಅಕ್ಕನನ್ನು ನೆನೆಸಿಕೊಂಡೇ ಬರೆದೆ. ಅದಕ್ಕೆ ಅವನು ಅಂಚಿನಲ್ಲಿ ಬರೆದದ್ದನ್ನು ಎರಡೆರಡು ಸಲ ಓದಿದೆ.

‘ಒಂದು ಏಟಿಗೆ ಯಾವ ಮಗು ಸತ್ತಿದೆ?’

‘ನಾವೆಲ್ಲ ಪೆಟ್ಟು ತಿಂದೇ ಮನುಷ್ಯರಾಗಲಿಲ್ಲವೇ?’

‘ಭಯ ಇಲ್ಲದಿದ್ದರೆ ಈ ಮಗು ಓದುತ್ತಿತ್ತೇ?’

ಇಂಥವನನ್ನು ಇಲ್ಲಿ ಯಾರು ಸೇರಿಸಿಕೊಂಡರು? ಟೀ ಹಿಡಿದು ಕಿಟಕಿ ಹತ್ತಿರ ನಿಂತಿದ್ದವನ ಮುಂದೆ ಹೋಗಿ ಕಾಗದ ಹಿಡಿದೆ.

“ನಾಚಿಕೆ ಆಗಲ್ವಾ ನಿಮಗೆ?”

“ಉತ್ತರ ಇದ್ಯಾ? ಇದ್ರೆ ಬರೀರಿ. ಇಲ್ದಿದ್ರೆ ಸಾಲು ತೆಗೀರಿ.”

“ನಿಮ್ಮಂಥೋರಿಗೆ ಉತ್ತರ ಬೇರೆ ಕೇಡು!”

ಅವನು ನನ್ನನ್ನು ನೇರವಾಗಿ ನೋಡಿದ. ಹಾಳಾದವನ ಕಣ್ಣು ಮಾತ್ರ ಚೆನ್ನಾಗಿತ್ತು. ತುಟಿಯ ಮೂಲೆಯಲ್ಲಿ ನಗು ಬಂದು, ಬರಬಾರದಿತ್ತು ಅನ್ನುವ ಹಾಗೆ ಒಳಗೆ ಹೋಯಿತು. “ಕೋಪ ಚೆನ್ನಾಗಿದೆ. ಅದನ್ನ ಆರನೇ ಪುಟಕ್ಕೆ ಹಾಕಿ, ಅಲ್ಲಿ ಸಪ್ಪೆಯಾಗಿದೆ.”

ಎಡಗೈಯಲ್ಲಿ ಕಪ್ಪು ಹಿಡಿದಿದ್ದ, ಉಂಗುರದ ಬೆರಳು ಮಡಚಿಕೊಂಡು. ಅದೊಂದು ಸ್ಟೈಲು ಬೇರೆ, ಅಂದುಕೊಂಡೆ.

ಇನ್ನೂ ಮೂರು ಟಿಪ್ಪಣಿ, ಇನ್ನೂ ಮೂರು ಯುದ್ಧ. ಅವನ ಒಂದೊಂದು ವಿಷದ ಮಾತಿಗೂ ಹಟಕ್ಕೆ ಬಿದ್ದು ಉತ್ತರ ಹುಡುಕಿದೆ. ತೀರ್ಪು, ಸಮೀಕ್ಷೆ, ಡಾಕ್ಟರ ವರದಿ, ಏನೂ ಬಿಡಲಿಲ್ಲ. ಬಸ್ಸಿನಲ್ಲಿ ಕೂತು ಅವನ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಭಾನುವಾರ ಜಗಳವಿಲ್ಲದೆ ಬೇಜಾರಾಯಿತು. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಶುಕ್ರವಾರ ನಾಲ್ಕು ಗಂಟೆಗೆ ಮಂಡಳಿಯ ಸಭೆ. ಒಪ್ಪಂದ ಮುಗಿಯುತ್ತಿದ್ದ ಅವನನ್ನು ಕೆಲಸದಲ್ಲಿ ಮುಂದುವರಿಸಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನ. ನಾನು ಕೂತು ಮಂಡಳಿಗೆ ಐದು ಪುಟದ ದೂರು ಬರೆದೆ. ಅವನ ಮಾತು, ದಿನಾಂಕ, ಪುಟಸಂಖ್ಯೆ ಎಲ್ಲ ಹಾಕಿ, ಹತ್ತೊಂಬತ್ತು ಅಡಿಟಿಪ್ಪಣಿ ಕೊಟ್ಟು, ಕೊನೆಗೆ ಬರೆದೆ: ‘ಇವರಿಗೆ ಮಕ್ಕಳೆಂದರೆ ಕನಿಕರವಿಲ್ಲ.’ ಹೊರಗೆ ಹೋಗುವ ಕಾಗದವನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಕಳಿಸುತ್ತಿದ್ದ ‘ರಿಜಿಸ್ಟರ್ ಅಕ್ಕ’ನ ಕೈಗೆ ಕೊಟ್ಟು ಬಂದೆ.

ಎರಡು ಗಂಟೆಗೆ ದೂರು ನನ್ನ ಮೇಜಿನ ಮೇಲೆ ವಾಪಸ್ ಬಂದಿತ್ತು. ತುಂಬ ಕೆಂಪು ಶಾಯಿ.

ಅವನ ಮೇಲಿನ ದೂರನ್ನು ಅವನೇ ತಿದ್ದಿದ್ದ! ಮೊದಲ ಪುಟಕ್ಕೆ ‘ಸರಿಯಾಗಿದೆ.’ ಎರಡನೆಯದಕ್ಕೂ ‘ಸರಿಯಾಗಿದೆ.’ ಮೂರನೆಯದರಲ್ಲಿ ‘ಈ ಮಾತು ಹೇಳಿದ್ದು ಸೋಮವಾರವಲ್ಲ, ಬುಧವಾರ.’ ಕೊನೆಯ ಸಾಲಿನ ಎದುರು ಮಾತ್ರ ‘ಆಧಾರ?’ ಅಂತಿತ್ತು. ಅಲ್ಲಿ ಪೆನ್ನು ಒತ್ತಿ ಕಾಗದ ತೂತಾಗಿತ್ತು.

ರಿಜಿಸ್ಟರ್ ಅಕ್ಕನ ಹತ್ತಿರ ಓಡಿದೆ.

“ಅವರ ಕೈಗೇ ಕೊಟ್ಟಿದೀರಲ್ಲಕ್ಕ!”

“ಯಾರ ಮೇಲೆ ಏನು ಬರ್ದಿದೀಯೋ ನಂಗೇನು ಗೊತ್ತಮ್ಮ? ಮಂಡಳಿಗಾಗ್ಲಿ ಹೊರಗಾಗ್ಲಿ ಹೋಗೋ ಕಾಗದಕ್ಕೆ ಎದುರು-ಓದು ಆಗ್ಲೇಬೇಕು. ನಿನ್ನದನ್ನೆಲ್ಲ ಓದ್ತಾ ಬಂದಿರೋನು ಅವನೇ.”

“ಹಂಗಂದ್ರೆ?”

“ಅಯ್ಯೋ, ಹೊಡೆಯೋದೇ ಸರಿ ಅನ್ನೋ ಕಡೆ ವಕೀಲನ ಹಾಗೆ ಓದಿ, ಅವರು ಏನು ಕೇಳ್ತಾರೋ ಅದನ್ನೆಲ್ಲ ಬರೀಬೇಕು. ಇಲ್ಲಿ ಎಲ್ಲರ ಟಿಪ್ಪಣಿಗೂ ಹಂಗೇ. ಮೊದಲ್ನೇ ದಿನ ಹೇಳ್ಲಿಲ್ವಾ?” ಆಮೇಲೆ ಅವರೇ ಹಣೆ ಚಚ್ಚಿಕೊಂಡರು. “ಓ, ನೀನು ಜ್ವರ ಅಂತ ಮೂರು ದಿನ ತಡವಾಗಿ ಬಂದೆ ಅಲ್ವಾ!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ವಾಪಸ್ ಬಂದಾಗ ಅವನು ತನ್ನ ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದ.

“ಎಲ್ಲಿಗೆ?”

“ದೂರು ಗಟ್ಟಿಯಾಗಿದೆ. ನೀವು ಸಹಿ ಹಾಕಿದ್ರೆ ಮುಗೀತು, ಮಂಡಳಿ ಒಪ್ಪತ್ತೆ.”

“ಬಾಯಿ ಇರ್ಲಿಲ್ವಾ ನಿಮಗೆ? ಇದು ನನ್ನ ಕೆಲಸ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

“ನಿಮಗೆ ಗೊತ್ತು ಅಂದ್ಕೊಂಡಿದ್ದೆ. ಇವತ್ತು ಇದನ್ನ ಓದೋವರೆಗೂ ನಾವಿಬ್ರೂ ಸೇರಿ ಆ ಕಡೆಯವರ ಜೊತೆ ಜಗಳ ಆಡ್ತಿದೀವಿ ಅಂತಾನೇ...” ಅವನು ಪುಸ್ತಕ ಕೆಳಗಿಟ್ಟ. “ನೀವು ನಿಜವಾಗ್ಲೂ ನನ್ನನ್ನ ಅಂಥವನು ಅಂದ್ಕೊಂಡಿದ್ರಿ.”

“ಮತ್ತೆ? ಅಂಥ ಮಾತೆಲ್ಲ ಅಷ್ಟು ಸಲೀಸಾಗಿ ಎಲ್ಲಿಂದ ಬರ್ತಿತ್ತು?”

ಅವನು ಎಡಗೈಯನ್ನು ಮೇಜಿನ ಮೇಲಿಟ್ಟ. ನಾಲ್ಕು ಬೆರಳು ಚಪ್ಪಟೆಯಾಗಿ ಕೂತವು. ಉಂಗುರದ ಬೆರಳು ಕೂರಲಿಲ್ಲ.

“ಒಂಬತ್ತು ವರ್ಷ ನನಗೆ. ಮೇಷ್ಟ್ರ ಮರದ ಸ್ಕೇಲು. ಒಂದು ಏಟಿಗೆ ಯಾವ ಮಗು ಸತ್ತಿದೆ ಅಂತ ಆಸ್ಪತ್ರೆ ಬೆಂಚಿನ ಮೇಲೆ ಅಮ್ಮ ಕೇಳಿದ್ರು. ಎರಡನೇ ಮಾತು ಅಪ್ಪಂದು. ಮೂರನೇದು ಬೆರಳಿಗೆ ಪಟ್ಟಿ ಕಟ್ಟಿದ ಡಾಕ್ಟ್ರದ್ದು.” ಕೂರದ ಬೆರಳನ್ನು ಬಲಗೈಯಿಂದ ಒತ್ತಿದ. “ಇಪ್ಪತ್ತು ವರ್ಷ ಆಯ್ತು, ಅವರಿಗೆ ಹೇಳೋಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮ್ಮ ಟಿಪ್ಪಣೀಲಿ ಸಿಕ್ತಿತ್ತು. ಬೈಕೊಂಡೇ ಬರೀತಿದ್ರಿ, ಆದ್ರೆ ಉತ್ತರ ಇರ್ತಿತ್ತು.”

ನನಗೆ ಅಳು ಬಂತು. ಅವನ ಮುಂದೆ ಅಳುವುದೇ? ಐದೂ ಪುಟವನ್ನು ಒಟ್ಟಿಗೆ ಹಿಡಿದು ಹರಿದೆ. ದಪ್ಪವಾಗಿತ್ತು, ಎರಡು ಸಲ ಎಳೆಯಬೇಕಾಯಿತು.

“ಪುಸ್ತಕ ವಾಪಸ್ ಇಡಿ,” ಅಂದೆ.

“ಆರ್ಡರ್ರಾ?”

“ಹ್ಞೂಂ. ಮತ್ತೆ, ಆ ನಲವತ್ತಮೂರು ‘ಆಧಾರ?’ಗಳಲ್ಲಿ ಏಳು ಅನ್ಯಾಯದ್ದು. ಅದನ್ನ ಮಾತ್ರ ಬಿಡಲ್ಲ.”

“ಆರು.” ಬಲ ಹುಬ್ಬು ಮೇಲೆ ಹೋಯಿತು. ಈ ಸಲ ಕೆಳಗೆ ಬರಲಿಲ್ಲ. “ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ. ಮೊದಲ್ನೇ ಟಿಪ್ಪಣಿಯಿಂದ.”

ಅವನ ಮೇಜಿನಿಂದ ಕೆಂಪು ಪೆನ್ನು ಎತ್ತಿಕೊಂಡೆ.

“ಆಧಾರ?”

“ರಿಜಿಸ್ಟರ್ ನೋಡಿ.”

ಹೋಗಿ ನೋಡಿದೆ. ಬಿಡುತ್ತೇನೆಯೇ! ಎದುರು-ಓದುವ ಪಾಳಿ ಪ್ರತಿ ಟಿಪ್ಪಣಿಗೂ ಬದಲಾಗಬೇಕು. ನನ್ನ ಐದೂ ಟಿಪ್ಪಣಿಗೆ ಅವನದೇ ಸಹಿ. ನಾಲ್ಕು ಸಲ ಬೇರೆಯವರ ಪಾಳಿ ಕೇಳಿ ಪಡೆದಿದ್ದ. ‘ಕಾರಣ’ದ ಅಂಕಣದಲ್ಲಿ ಮೊದಲು ‘ವಿಷಯ ಪರಿಚಿತ’, ಆಮೇಲೆ ‘ಮುಂದುವರಿಕೆ’, ಆಮೇಲೆ ‘ಇವರ ಉತ್ತರ ಓದಬೇಕು’. ನಾಲ್ಕನೆಯದಕ್ಕೆ ಕಾರಣ ಬರೆದು ಹೊಡೆದು ಹಾಕಿದ್ದ.

“ಪಾಳಿ ಕೊಡಿ ಅಂತ ಒಂದೇ ಸಮನೆ ಪೀಡಿಸ್ತಿದ್ದ ಪುಣ್ಯಾತ್ಮ,” ಅಂದರು ರಿಜಿಸ್ಟರ್ ಅಕ್ಕ, ತಲೆ ಎತ್ತದೆ.

ಆ ಸಾಲುಗಳ ಪಕ್ಕ ಕೆಂಪು ಪೆನ್ನಿನಲ್ಲಿ ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದೆ. ತಿರುಗಿದರೆ ಅವನು ಬಾಗಿಲಲ್ಲೇ ನಿಂತಿದ್ದ.

“ಪೆನ್ನು ಕೊಡಿ.”

“ಕೊಡಲ್ಲ. ಕೈ ತನ್ನಿ ಇಲ್ಲಿ.”

ಅವನು ಬಲಗೈ ಚಾಚಿದ.

“ಅದಲ್ಲ,” ಅಂದೆ. “ಇನ್ನೊಂದು.”